ಜೂನ್ 22ರ ಬೆಳಿಗ್ಗೆ ಯಾರು ಬರುತ್ತಾರೆ?

ಜೂನ್ 21 ಬಂತೆಂದರೆ ನಮ್ಮ ಕಡೆಯ ಆರೋಗ್ಯ ಕೇಂದ್ರಗಳ ಮುಂದೆ ಜಮಖಾನೆ ಬೀಳುತ್ತದೆ. ಬ್ಯಾನರ್ ಕಟ್ಟುತ್ತಾರೆ. ಶಾಲೆ ಮಕ್ಕಳನ್ನು ಸಾಲಾಗಿ ಕೂರಿಸುತ್ತಾರೆ. ಗುಲಾಬಿ ಸೀರೆಯ ಆಶಾ ಅಕ್ಕಂದಿರು ಒಂದು ಕಡೆ, ಪಂಚಾಯಿತಿ ಸದಸ್ಯರು ಮುಂದಿನ ಸಾಲಿನಲ್ಲಿ. ಅರ್ಧ ಗಂಟೆ ಕೈಕಾಲು ಆಡಿಸಿ, ಫೋಟೊ ತೆಗೆದು, ವಾಟ್ಸಾಪ್ ಗ್ರೂಪಿಗೆ ಹಾಕಿ, ಉಪ್ಪಿಟ್ಟು ತಿಂದು ಎಲ್ಲರೂ ಮನೆಗೆ.

ನಮ್ಮ ಪ್ರಶ್ನೆ ಮರುದಿನದ್ದು. 22ನೇ ತಾರೀಕು ಆ ಜಾಗದಲ್ಲಿ ಯಾರಿರುತ್ತಾರೆ?

ಇದು ಯೋಗದ ಮೇಲಿನ ಸಿಟ್ಟಿನಿಂದ ಕೇಳುವ ಪ್ರಶ್ನೆ ಅಲ್ಲ. ಆ ದಿನದ ಲೆಕ್ಕವನ್ನೇ ಸ್ವಲ್ಪ ನೋಡಿ. ಜೂನ್ 21 ಅಂದರೆ ಮುಂಗಾರು ಬಿತ್ತನೆಯ ಕಾಲ. ಹದ ಬಂದಿದ್ದರೆ ರೈತ ಹೊಲದಲ್ಲಿ, ಇಲ್ಲದಿದ್ದರೆ ಬೀಜ ಗೊಬ್ಬರಕ್ಕೆ ಸೊಸೈಟಿ ಮುಂದೆ. ಹೆಂಗಸರಿಗೆ ಕೊಟ್ಟಿಗೆ, ಡೇರಿ, ಅಡುಗೆ, ಆಮೇಲೆ ಕೂಲಿ. ವರ್ಷದಲ್ಲಿ ಊರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ವಾರ ಯಾವುದು ಎಂದು ಹುಡುಕಿದ ಹಾಗಿದೆ. ಆಚರಣೆಗೆ ಆ ದಿನವೇ ಇರಲಿ, ಬೇಡ ಅನ್ನುವವರು ನಾವಲ್ಲ. ಆದರೆ ಒಂದು ಊರಿನಲ್ಲಿ ಜನ ದಿನಾ ಮೈ ಆಡಿಸುವ ಅಭ್ಯಾಸ ಶುರುವಾಗಬೇಕಾದರೆ ಅದು ಸುಗ್ಗಿ ಮುಗಿದ ಮೇಲೆ, ಸಂಕ್ರಾಂತಿಯಿಂದ ಯುಗಾದಿ ತನಕದ ಬಿಡುವಿನಲ್ಲಿ ಆಗಬೇಕು. ಆ ಎರಡು ಮೂರು ತಿಂಗಳಲ್ಲಿ ಬೇರು ಬಿಟ್ಟರೆ ಬಿತ್ತನೆ ಕಾಲದಲ್ಲಿ ಸ್ವಲ್ಪ ಸೊರಗಿದರೂ ಸಾಯುವುದಿಲ್ಲ.

ಈ ಕೆಲಸ ಆರೋಗ್ಯ ಕೇಂದ್ರದ್ದೇ ಎಂದು ಸರ್ಕಾರವೇ ಹೇಳಿದೆ. 2018ರಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಉಪಕೇಂದ್ರ ಮತ್ತು ಪಿ.ಎಚ್.ಸಿ.ಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾಡಲು ಹೊರಟರು. 2023ರ ಕೊನೆಗೆ ಅವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ ಎಂದಾಯಿತು. ಬರೀ ಮಾತ್ರೆ, ಚುಚ್ಚುಮದ್ದು, ಹೆರಿಗೆ ಅಲ್ಲ, ಕಾಯಿಲೆ ಬರದ ಹಾಗೆ ನೋಡಿಕೊಳ್ಳುವುದೂ ಇಲ್ಲಿಯ ಕೆಲಸ ಎನ್ನುವುದು ಇದರ ಹಿಂದಿನ ಮಾತು. ಬೋರ್ಡು ಬದಲಾಗಿದೆ, ಗೋಡೆಗೆ ಬಣ್ಣ ಬಂದಿದೆ. ಬೋರ್ಡಿನಲ್ಲಿ ಬರೆದ ಕ್ಷೇಮ ಎಲ್ಲಿ ತನಕ ಬಂದಿದೆ ಎನ್ನುವುದೇ ನಮ್ಮ ಇವತ್ತಿನ ವಿಷಯ.

ದುಡಿಯುವವರಿಗೆ ವ್ಯಾಯಾಮ ಯಾಕೆ?

ಈ ಮಾತು ಎತ್ತಿದ ಕೂಡಲೇ ಊರಿನಲ್ಲಿ ಬರುವ ಮೊದಲ ಉತ್ತರ ಇದು: "ನಾವೇನು ಪ್ಯಾಟೆಯವರಾ? ಹೊಲದಲ್ಲಿ ಮೈಮುರಿ ದುಡೀತೀವಿ, ನಮಗ್ಯಾಕೆ ವ್ಯಾಯಾಮ?"

ಇದನ್ನು ತಿಳಿವಳಿಕೆ ಇಲ್ಲದವರ ಮಾತು ಎಂದು ತಳ್ಳಿಹಾಕುವ ಅಧಿಕಾರಿಗಳನ್ನು ನೋಡಿದ್ದೇವೆ. ನಮಗೆ ಹಾಗನ್ನಿಸುವುದಿಲ್ಲ. ಹೊಲದ ಕೆಲಸ, ನೀರು ಹೊರುವುದು, ಸೌದೆ ತರುವುದು, ಕೆಲಸಕ್ಕೆ ನಡೆದು ಹೋಗುವುದು ಎಲ್ಲವೂ ಚಟುವಟಿಕೆಯೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಒಪ್ಪುತ್ತದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಮಧುಮೇಹ ತಡೆ ಅಧ್ಯಯನದಲ್ಲೂ, ಆಗಲೇ ಮೈಕೈ ದುಡಿತ ಇರುವವರಿಗೆ ಹೊಸದಾಗಿ ವಾಕಿಂಗ್ ಹೇಳಲಿಲ್ಲ. ಇರುವುದನ್ನೇ ಮುಂದುವರಿಸಿ ಎಂದರು.

ಹಾಗಾದರೆ ತಕರಾರು ಎಲ್ಲಿ? ಒಂದು, ಊರಿನ ದುಡಿತವೇ ಮೊದಲಿನ ಹಾಗಿಲ್ಲ. ಉಳುಮೆಗೆ ಟ್ರಾಕ್ಟರ್, ಒಕ್ಕಣೆಗೆ ಮಷೀನು, ರಾಗಿಗೆ ಮಿಲ್ಲು, ನೀರಿಗೆ ನಲ್ಲಿ, ಅಂಗಡಿಗೆ ಹೋಗಲೂ ಬೈಕು. ಇದೆಲ್ಲ ಒಳ್ಳೆಯದೇ. ಬೀಸುಕಲ್ಲಿನ ಕಾಲ ಚೆನ್ನಾಗಿತ್ತು ಎನ್ನುವವರು ಬೀಸುಕಲ್ಲಿನ ಮುಂದೆ ಕೂತವರಲ್ಲ. ಆದರೆ ನಲವತ್ತು ದಾಟಿದ ಗಂಡಸು ಹೊಲವನ್ನು ಗುತ್ತಿಗೆಗೆ ಕೊಟ್ಟು ಅಂಗಡಿ ಜಗಲಿ ಮೇಲೆ ಕೂತು "ನಾವು ಹಳ್ಳಿಯವರು, ಗಟ್ಟಿ ಜನ" ಎಂದರೆ ಅದು ಅವರಪ್ಪನ ಮೈಯ ಲೆಕ್ಕ, ಅವರದಲ್ಲ.

ಎರಡು, ದುಡಿತ ವರ್ಷಪೂರ್ತಿ ಇರುವುದಿಲ್ಲ. ಮಳೆಯಾಶ್ರಿತ ಊರಿನಲ್ಲಿ ನಾಲ್ಕೈದು ತಿಂಗಳು ಹೊಲದ ಕೆಲಸ, ಉಳಿದದ್ದು ಸಿಕ್ಕರೆ ಕೂಲಿ.

ಮೂರನೆಯದು ಮುಖ್ಯ. ನಾಟಿ ಹಾಕಲು ದಿನವೆಲ್ಲ ಬಗ್ಗಿ ನಿಂತ ಹೆಂಗಸಿಗೆ ದಣಿವಾಗಿರುತ್ತದೆ, ಸೊಂಟ ಹಿಡಿದಿರುತ್ತದೆ, ಮಂಡಿ ಊದಿರುತ್ತದೆ. ಅಂಥವರಿಗೆ "ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ" ಎನ್ನುವುದು ಕ್ರೂರ ತಮಾಷೆ. ಅವರಿಗೆ ಬೇಕಿರುವುದು ಬಗ್ಗಿದ ಬೆನ್ನನ್ನು ಬಿಡಿಸುವ, ಮಂಡಿಯ ಸುತ್ತಲಿನ ಸ್ನಾಯು ಗಟ್ಟಿ ಮಾಡುವ ಹತ್ತು ನಿಮಿಷದ ವ್ಯಾಯಾಮ, ಮತ್ತು ವಿಶ್ರಾಂತಿ. ಅದೇ ಊರಿನ ಕಿರಾಣಿ ಅಂಗಡಿಯವರಿಗೆ, ಹೊಲಿಗೆ ಮಷೀನಿನ ಮುಂದೆ ಕೂರುವವರಿಗೆ, ಆಟೋ ಓಡಿಸುವವರಿಗೆ, ಬೀಡಿ ಕಟ್ಟುವವರಿಗೆ ನಡಿಗೆ ಬೇಕು. ಎಪ್ಪತ್ತರ ಅಜ್ಜಿಗೆ ಬೀಳದ ಹಾಗೆ ಕಾಲು ಹಿಡಿತ ಬೇಕು. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ ಮತ್ತು ಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂದು ಅದೇ 2020ರ ಮಾರ್ಗಸೂಚಿ ಹೇಳುತ್ತದೆ. ಒಂದೇ ಊರಿನಲ್ಲಿ ಮೂರು ಬಗೆಯ ಮೈ ಇರುವಾಗ ಎಲ್ಲರಿಗೂ ಒಂದೇ ಸೂರ್ಯನಮಸ್ಕಾರ ಹೇಳಿಕೊಟ್ಟರೆ ಯಾರಿಗೂ ಹೊಂದುವುದಿಲ್ಲ.

ದೇಶದ ಲೆಕ್ಕ ಬೇಕೆನ್ನುವವರಿಗೆ: ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ 2024ರಲ್ಲಿ ಬಂದ ಅಂದಾಜಿನಂತೆ, 2022ರ ಹೊತ್ತಿಗೆ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಬೇಕಾದಷ್ಟು ಚಟುವಟಿಕೆ ಇಲ್ಲ. 2000ದಲ್ಲಿ ಇದು ನೂರಕ್ಕೆ ಸುಮಾರು 22 ಇತ್ತು. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. ಐ.ಸಿ.ಎಂ.ಆರ್. ಅಧ್ಯಯನ 2023ರಲ್ಲಿ ಹೇಳಿದಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಅಂಚಿನಲ್ಲಿ.

ಅಂಚಿನಲ್ಲಿ ಇರುವವರನ್ನು ಹಿಂದಕ್ಕೆ ಎಳೆಯಬಹುದು ಎಂದು ತೋರಿಸಿದ್ದು ಮೇಲೆ ಹೇಳಿದ ಚೆನ್ನೈ ಅಧ್ಯಯನವೇ. 531 ಜನ, ಸುಮಾರು ಮೂರು ವರ್ಷ. ಏನೂ ವಿಶೇಷ ಸಲಹೆ ಸಿಗದವರಲ್ಲಿ ನೂರಕ್ಕೆ 55 ಜನಕ್ಕೆ ಕಾಯಿಲೆ ಬಂತು. ಊಟ ಮತ್ತು ಓಡಾಟದ ಸಲಹೆ ಸಿಕ್ಕಿ, ಆಗಾಗ ವಿಚಾರಿಸಿಕೊಂಡವರಲ್ಲಿ 39 ಜನಕ್ಕೆ. ಆಗಾಗ ವಿಚಾರಿಸಿಕೊಂಡವರಲ್ಲಿ ಎನ್ನುವುದನ್ನು ದಯವಿಟ್ಟು ಗಮನಿಸಿ.

ಫಾರಂನಲ್ಲಿ ಇರುವ ಪ್ರಶ್ನೆ

ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ಫಾರಂ ತರುತ್ತಾರೆ. ಸಿ-ಬ್ಯಾಕ್ ಎಂದು ಕರೆಯುತ್ತಾರೆ. ವಯಸ್ಸು, ಹೊಗೆಸೊಪ್ಪು, ಕುಡಿತ, ಸೊಂಟದ ಸುತ್ತಳತೆ, ಮನೆಯಲ್ಲಿ ಯಾರಿಗಾದರೂ ಶುಗರ್ ಬಿಪಿ ಇದೆಯೇ ಎಂದೆಲ್ಲ ಕೇಳುತ್ತಾರೆ. ಅದರಲ್ಲಿ ಒಂದು ಪ್ರಶ್ನೆ: ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಮಾಡುತ್ತೀರಾ? ಹೌದು ಎಂದರೆ ಸೊನ್ನೆ, ಇಲ್ಲ ಎಂದರೆ ಒಂದು ಅಂಕ. ಒಟ್ಟು ನಾಲ್ಕು ಅಂಕ ದಾಟಿದವರಿಗೆ ತಪಾಸಣೆಯಲ್ಲಿ ಮೊದಲ ಆದ್ಯತೆ.

ನಿಮಗೆ ಒಂದು ಅಂಕ ಬಿತ್ತು ಎಂದಿಟ್ಟುಕೊಳ್ಳಿ. ಆಮೇಲೆ? ಬಿಪಿ ಜಾಸ್ತಿ ಇದ್ದರೆ ಮಾತ್ರೆ ಇದೆ. ಶುಗರ್ ಇದ್ದರೆ ಮಾತ್ರೆ ಇದೆ. 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳಿಗೂ ಬಂದ ಗೃಹ ಆರೋಗ್ಯ ಯೋಜನೆಯಲ್ಲಿ ಮಾತ್ರೆಯನ್ನು ಮನೆ ಬಾಗಿಲಿಗೇ ತರುತ್ತಾರೆ, ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಚಟುವಟಿಕೆ ಇಲ್ಲ ಎಂದು ಅಂಕ ಬಿದ್ದವರಿಗೆ ಆರೋಗ್ಯ ಕೇಂದ್ರ ಏನು ಕೊಡುತ್ತದೆ? ಹೆಚ್ಚಿನ ಕಡೆ ಒಂದು ವಾಕ್ಯ ಕೊಡುತ್ತದೆ.

"ವಾಕಿಂಗ್ ಮಾಡಿ ಅಜ್ಜಿ."

"ಎಲ್ಲಿಗವ್ವಾ ನಡೀಲಿ? ಕೆಲಸ ಇಲ್ದೆ ಸುಮ್ನೆ ಹೋಗಿ ಬಂದ್ರೆ ಊರವರು ನಗಲ್ವಾ?"

ಈ ಅಜ್ಜಿಯ ಮಾತಿಗೆ ಯಾವ ಮಾರ್ಗಸೂಚಿಯಲ್ಲೂ ಉತ್ತರ ಇಲ್ಲ. ಊರಿನಲ್ಲಿ ನಡಿಗೆ ಎಂದರೆ ಎಲ್ಲಿಗಾದರೂ ಹೋಗುವುದು. ಎಲ್ಲಿಗೂ ಹೋಗದೆ ನಡೆಯುವವರು ಊರಿಗೆ ವಿಚಿತ್ರ, ಅದರಲ್ಲೂ ಹೆಂಗಸರಾದರೆ ಮಾತು ಬೇರೆಯೇ ಆಗುತ್ತದೆ. ಒಬ್ಬಳೇ ಹೋದರೆ ನಗುವ ಊರು ಎಂಟು ಜನ ಒಟ್ಟಿಗೆ ಹೋದರೆ ಎರಡು ವಾರ ನಕ್ಕು ಸುಮ್ಮನಾಗುತ್ತದೆ. ಅದಕ್ಕೇ ಗುಂಪು ಬೇಕು. ಆರೋಗ್ಯ ಕೇಂದ್ರ ಮಾಡಬೇಕಾದ ಕೆಲಸ ಸಲಹೆ ಕೊಡುವುದಕ್ಕಿಂತ ಹೆಚ್ಚಾಗಿ ಈ ಎಂಟು ಜನರನ್ನು ಒಟ್ಟು ಹಾಕುವುದು.

ಈಗಿನ ಪದ್ಧತಿಯಲ್ಲಿ ಎಷ್ಟು ಸಲ ಯೋಗ ಅಥವಾ ಕ್ಷೇಮ ಕಾರ್ಯಕ್ರಮ ಮಾಡಿದಿರಿ ಎಂದು ಕೇಂದ್ರಗಳು ಪೋರ್ಟಲ್‌ಗೆ ತುಂಬಬೇಕು. ದೇಶದ ಮೊತ್ತವನ್ನು ಕೋಟಿಗಳಲ್ಲಿ ಹೇಳುವ ಪ್ರಕಟಣೆಗಳು ಬರುತ್ತಿರುತ್ತವೆ. ಸಂಖ್ಯೆ ಸುಳ್ಳು ಎಂದು ನಾವು ಹೇಳುತ್ತಿಲ್ಲ. ಆದರೆ ಲೆಕ್ಕಕ್ಕೆ ತೆಗೆದುಕೊಂಡದ್ದೇ ಬೇರೆ. ಹತ್ತು ಸಲ ಹತ್ತು ಬೇರೆ ಬೇರೆ ಗುಂಪಿಗೆ ಮಾಡಿದರೂ ಹತ್ತು, ಒಂದೇ ಗುಂಪು ಹತ್ತು ಸಲ ಬಂದರೂ ಹತ್ತು. ಮೈಗೆ ಆಗುವ ಲಾಭ ಎರಡನೆಯದರಲ್ಲಿ ಮಾತ್ರ. ಜನವರಿಯಲ್ಲಿ ಬಂದವರಲ್ಲಿ ಏಪ್ರಿಲ್‌ನಲ್ಲೂ ಬರುತ್ತಿರುವವರು ಎಷ್ಟು ಎಂಬ ಒಂದೇ ಒಂದು ಕಾಲಂ ಸೇರಿಸಿದರೆ ಇಡೀ ಕಾರ್ಯಕ್ರಮದ ಸ್ವರೂಪವೇ ಬದಲಾಗುತ್ತದೆ ಎಂದು ನಮ್ಮ ನಂಬಿಕೆ. ಫೋಟೊಗೆ ಜನ ಸೇರಿಸುವುದು ಬಿಟ್ಟು ಬಿಟ್ಟುಹೋದವರ ಮನೆಗೆ ಹೋಗಿ ಯಾಕೆ ಬರಲಿಲ್ಲ ಎಂದು ಕೇಳಬೇಕಾಗುತ್ತದೆ.

ಬೇರೆ ಕಡೆ ನಿಂತದ್ದು ಹೇಗೆ

ಆಸ್ಪತ್ರೆಯವರು ಜನರಿಂದ ವ್ಯಾಯಾಮ ಮಾಡಿಸುವ ಕಾರ್ಯಕ್ರಮ ಹಲವು ದೇಶಗಳಲ್ಲಿ ಇದೆ. ವರ್ಷಗಟ್ಟಲೆ ನಡೆದ ಎರಡನ್ನು ನೋಡೋಣ.

ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ 2002ರಲ್ಲಿ ಪಾರ್ಕು, ಬಯಲುಗಳಲ್ಲಿ ಉಚಿತ ವ್ಯಾಯಾಮ ತರಗತಿ ಶುರು ಮಾಡಿದರು. ಕಲಿಸುವವರು ದೈಹಿಕ ಶಿಕ್ಷಣ ಓದಿದವರು, ಸಂಬಳ ಕೊಡುವುದು ಸ್ಥಳೀಯ ಸರ್ಕಾರ. ಹತ್ತಿರದ ಆರೋಗ್ಯ ಕೇಂದ್ರದವರು ಬಿಪಿ, ಶುಗರ್ ಇರುವವರನ್ನು ಅಲ್ಲಿಗೆ ಕಳಿಸುತ್ತಿದ್ದರು. ಬರುವವರಲ್ಲಿ ಹೆಚ್ಚಿನವರು ಹೆಂಗಸರು. ಅದು ಬೇರೆ ನಗರಗಳಿಗೂ ಹಬ್ಬಿ, 2011ರಲ್ಲಿ ಕೇಂದ್ರ ಸರ್ಕಾರವೇ ದೇಶಕ್ಕೆಲ್ಲ ತಂದಿತು. ಅದು ಉಳಿದದ್ದಕ್ಕೆ ದೊಡ್ಡ ಗುಟ್ಟೇನೂ ಇಲ್ಲ. ಒಬ್ಬರಿಗೆ ಅದೇ ಕೆಲಸ, ಅದಕ್ಕೇ ಸಂಬಳ, ಗೊತ್ತಾದ ಜಾಗ, ಗೊತ್ತಾದ ಹೊತ್ತು.

ನ್ಯೂಜಿಲೆಂಡ್‌ನಲ್ಲಿ 1998ರಿಂದ ಹಸಿರು ಚೀಟಿ ಎನ್ನುವ ಪದ್ಧತಿ ಇದೆ. ವೈದ್ಯರು ಮಾತ್ರೆ ಬರೆಯುವ ಹಾಗೆಯೇ ಏನು ಮಾಡಬೇಕು, ಎಷ್ಟು ಹೊತ್ತು ಎಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಆಮೇಲೆ ಒಬ್ಬರು ಕೆಲವು ತಿಂಗಳು ಫೋನ್ ಮಾಡಿ ವಿಚಾರಿಸುತ್ತಾರೆ. ಬಾಯಲ್ಲಿ ಹೇಳಿದ ಮಾತು ಆಸ್ಪತ್ರೆ ಗೇಟು ದಾಟುವಷ್ಟರಲ್ಲಿ ಮರೆಯುತ್ತದೆ. ಚೀಟಿಯಲ್ಲಿದ್ದರೆ ಮನೆಯಲ್ಲಿ ಮಗ, ಸೊಸೆ ಓದುತ್ತಾರೆ. "ಡಾಕ್ಟ್ರು ಬರ್ದಿದಾರೆ" ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಇರುವ ಬೆಲೆ ನಿಮಗೆ ಗೊತ್ತು. ಸಂಜೆ ಅರ್ಧ ಗಂಟೆ ಮನೆ ಬಿಟ್ಟು ಹೋಗಲು ಒಬ್ಬ ಸೊಸೆಗೆ ಆ ಚೀಟಿ ಪರವಾನಗಿಯೂ ಆಗಬಹುದು.

ನಮ್ಮ ಪಕ್ಕದ ಕೇರಳದ ಅನುಭವವನ್ನೂ ಹೇಳಬೇಕು, ಯಾಕೆಂದರೆ ಅದು ಪೂರ್ತಿ ಸಿಹಿಯಲ್ಲ. ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿಂಕರ ತಾಲ್ಲೂಕಿನಲ್ಲಿ ಸುಮಾರು ಸಾವಿರ ಜನರನ್ನು ಸೇರಿಸಿಕೊಂಡು, ಅವರಲ್ಲಿ ಅರ್ಧದಷ್ಟು ಜನರಿಗೆ ನೆರೆಹೊರೆಯ ಗುಂಪುಗಳನ್ನು ಕಟ್ಟಿ, ಗುಂಪಿನವರನ್ನೇ ಮುಂದಾಳುಗಳಾಗಿ ತಯಾರು ಮಾಡಿದರು. ಎರಡು ವರ್ಷದ ಫಲಿತಾಂಶ 2018ರಲ್ಲಿ ಬಂತು. ಸಕ್ಕರೆ ಕಾಯಿಲೆ ಬರುವುದರಲ್ಲಿ ಖಚಿತ ಎನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ಹಣ್ಣು ತರಕಾರಿ ತಿನ್ನುವುದು ಹೆಚ್ಚಿತು, ಕುಡಿತ ಕಡಿಮೆಯಾಯಿತು. ಆರು ತಿಂಗಳಲ್ಲಿ ಊರಿನ ಶುಗರ್ ಇಳಿಸುತ್ತೇವೆ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ಮಂಡಿ ನೋವು ಕಡಿಮೆಯಾಗಬಹುದು, ನಿದ್ದೆ ಚೆನ್ನಾಗಿ ಬರಬಹುದು, ಬಿಪಿ ಸ್ವಲ್ಪ ಇಳಿಯಬಹುದು. ಗುಂಪು ಉಳಿಯುವುದಕ್ಕೆ ಇಷ್ಟೇ ಸಾಕು.

ಹೊತ್ತು, ಜಾಗ, ಕೂಲಿ

ಬೆಳಿಗ್ಗೆ ಆರು ಗಂಟೆ ಎಂದು ನೋಟಿಸ್ ಹಾಕಿದವರು ಒಮ್ಮೆ ಆ ಹೊತ್ತಿಗೆ ಹಾಲಿನ ಡೇರಿ ಮುಂದೆ ನಿಂತು ನೋಡಬೇಕು. ಊರಿನ ಅರ್ಧ ಹೆಂಗಸರು ಅಲ್ಲಿರುತ್ತಾರೆ. ಹಾಲು ಹಾಕಿ, ಮಕ್ಕಳಿಗೆ ಬುತ್ತಿ ಕಟ್ಟಿ, ಕೂಲಿಗೆ ಓಡಬೇಕು. ನಾವು ವಿಚಾರಿಸಿದ ಊರುಗಳಲ್ಲಿ ಹೆಂಗಸರು ಹೇಳಿದ ಹೊತ್ತು ಎರಡೇ: ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆದ ಮೇಲಿನ ಮೂರು ಗಂಟೆ, ಇಲ್ಲವೇ ವಾರದ ಸಂಘದ ದಿನ. ಸ್ತ್ರೀಶಕ್ತಿ ಸಂಘ, ಸಂಜೀವಿನಿ ಸಂಘ ಹೇಗೂ ಸೇರುತ್ತವೆ. ಕಂತು ಕಟ್ಟಿ, ಸಹಿ ಹಾಕಿದ ಮೇಲೆ ಇಪ್ಪತ್ತು ನಿಮಿಷ ಮೈ ಬಿಡಿಸಿದರೆ ಹೊಸ ಗುಂಪು ಕಟ್ಟುವ ತಾಪತ್ರಯವೇ ಇಲ್ಲ. ಸಿ.ಎಚ್.ಓ. ಮೇಡಂ ಅಲ್ಲಿಗೆ ಹೋಗಬೇಕು, ಅವರು ಕೇಂದ್ರಕ್ಕೆ ಬರಲಿ ಎಂದು ಕಾಯಬಾರದು. ಒಂದು ಉಪಕೇಂದ್ರಕ್ಕೆ ಬಯಲುಸೀಮೆಯಲ್ಲಿ ಸುಮಾರು 5,000 ಜನ, ಗುಡ್ಡಗಾಡಿನಲ್ಲಿ 3,000 ಜನ ಎನ್ನುವುದು ನಿಯಮ. ಅಷ್ಟು ಜನಕ್ಕೆ ಒಂದೇ ಅಂಗಳ ಹೇಗೆ ಸಾಕಾದೀತು?

ಜಾಗದ ವಿಷಯವನ್ನು ಮುಲಾಜಿಲ್ಲದೆ ಹೇಳುತ್ತೇವೆ. ದೇವಸ್ಥಾನದ ಮುಂದಿನ ಬಯಲು ಎಂದು ಗೊತ್ತು ಮಾಡಿದರೆ ಎಲ್ಲ ಕೇರಿಯವರೂ ಬರುವುದಿಲ್ಲ. ಯಾರೂ ಬಾಯಿಬಿಟ್ಟು ಬರಬೇಡಿ ಎನ್ನುವುದಿಲ್ಲ, ಆದರೂ ಬರುವುದಿಲ್ಲ. ಶಾಲೆ ಮೈದಾನ, ಅಂಗನವಾಡಿ ಅಂಗಳ, ಎಲ್ಲರೂ ಓಡಾಡುವ ಕೆರೆ ಏರಿ ಆಗಬಹುದು. ಹಾಗೆಯೇ ಯೋಗ ಎಂದರೆ ಹಿಂಜರಿಯುವ ಮನೆಗಳಿಗೆ ವ್ಯಾಯಾಮ ಎಂದರೆ ಸಾಕು, ಹೆಸರಿಗಾಗಿ ಒಂದು ಬೀದಿಯನ್ನೇ ಹೊರಗಿಡಬೇಕಿಲ್ಲ. ಕಾಡಂಚಿನ ಊರುಗಳಲ್ಲಿ ಆನೆ, ಚಿರತೆಯ ಹೊತ್ತು ನೋಡಿಕೊಳ್ಳಬೇಕು. ಉಳಿದೆಡೆ ಬೀದಿ ನಾಯಿ ಮತ್ತು ಬೀದಿ ದೀಪ.

ಆಸನವೇ ಆಗಬೇಕೆಂದೂ ಇಲ್ಲ. ಕೋಲಾಟ ಅರ್ಧ ಗಂಟೆ ಆಡಿ ನೋಡಿ, ಬೆವರು ಇಳಿಯುತ್ತದೆ. ಡೊಳ್ಳು, ಲೇಜಿಮು, ಕಬಡ್ಡಿ ಎಲ್ಲ ಇದ್ದ ಊರುಗಳು ನಮ್ಮವು. ಬೀಗ ಹಾಕಿದ ಗರಡಿ ಮನೆ ನಿಮ್ಮೂರಿನಲ್ಲೂ ಇರಬಹುದು.

ಇನ್ನು ಕೂಲಿ. ಈ ಎಲ್ಲ ಕೆಲಸವನ್ನೂ ಆಶಾ ಅಕ್ಕನ ತಲೆಗೆ ಕಟ್ಟುವುದು ಸುಲಭ, ಹಾಗೆ ಕಟ್ಟಬಾರದು. ತಮ್ಮ ಗೌರವಧನಕ್ಕಾಗಿಯೇ ಅವರು 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತಿದ್ದರು. ಊರಿನಲ್ಲೇ ಡಿಗ್ರಿ ಮುಗಿಸಿ ಕೂತಿರುವ, ಶಾಲೆಯಲ್ಲಿ ಖೋಖೋ ಆಡಿದ ಹುಡುಗಿಯರು ಇದ್ದಾರೆ. ಒಬ್ಬರಿಗೆ ತರಬೇತಿ ಕೊಟ್ಟು, ವಾರಕ್ಕೆ ನಾಲ್ಕು ದಿನಕ್ಕೆ ಗೌರವಧನ ಕೊಟ್ಟರೆ ಅದು ಅವರ ಕೆಲಸವಾಗುತ್ತದೆ. ಸಿ.ಎಚ್.ಓ. ವರ್ಗವಾದರೂ ಆ ಹುಡುಗಿ ಊರಿನಲ್ಲೇ ಇರುತ್ತಾಳೆ.

ದುಡ್ಡು ಎಲ್ಲಿದೆ ಎಂದು ಕೇಳುತ್ತೀರಿ. ಪ್ರತಿ ಆಯುಷ್ಮಾನ್ ಆರೋಗ್ಯ ಮಂದಿರಕ್ಕೂ ಜನ ಆರೋಗ್ಯ ಸಮಿತಿ ಇರಬೇಕು. ಉಪಕೇಂದ್ರ ಮಟ್ಟದಲ್ಲಿ ಅದಕ್ಕೆ ಅಧ್ಯಕ್ಷರು ನಿಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರೇ, ಸದಸ್ಯ ಕಾರ್ಯದರ್ಶಿ ಸಿ.ಎಚ್.ಓ. ಉಪಕೇಂದ್ರಕ್ಕೆ ವರ್ಷಕ್ಕೆ 50,000 ರೂಪಾಯಿ ಮುಕ್ತ ನಿಧಿ ಗೊತ್ತುಪಡಿಸಿದ್ದಾರೆ. ಸುಣ್ಣ ಬಣ್ಣ, ನಲ್ಲಿ ರಿಪೇರಿ, ಫಿನಾಯಿಲ್‌ಗೆ ಅದರಲ್ಲಿ ಹೆಚ್ಚಿನದು ಹೋಗುತ್ತದೆ, ಅದೂ ಬೇಕು. ಆ ನಿಧಿಯೊಂದರಿಂದ ಒಬ್ಬರ ವರ್ಷದ ಗೌರವಧನ ಆಗುವುದಿಲ್ಲ, ಇಲಾಖೆಯೂ ಕೊಡಬೇಕು, ಪಂಚಾಯಿತಿಯೂ ಸೇರಿಸಬೇಕು. ಆದರೆ ನಾಲ್ಕು ಚಾಪೆ, ಒಂದು ದೀಪ, ಕೋಲಾಟದ ಕೋಲು ಇವಕ್ಕೆ ಸಾಲದೆ ಇಲ್ಲ.

ಶುರು ಮಾಡುವವರಿಗೆ ಒಂದೆರಡು ಎಚ್ಚರಿಕೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಕೂತು ಸಕ್ಕರೆಯನ್ನೋ ಬೆಲ್ಲವನ್ನೋ ತಿನ್ನಿ. ಜೇಬಿನಲ್ಲಿ, ಸೆರಗಿನಲ್ಲಿ ಒಂದು ಚೂರು ಇರಲಿ. ಕಾಲು ಜೋಮು ಹಿಡಿಯುವವರು ಬರಿಗಾಲಲ್ಲಿ ನಡೆಯಬಾರದು, ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಬಿರುಸು ಅಷ್ಟಿದ್ದರೆ ಸರಿ. ಎದೆ ಹಿಡಿದುಕೊಂಡರೆ ಅಲ್ಲೇ ನಿಲ್ಲಿಸಿ. ವಿಶ್ರಾಂತಿ ತೆಗೆದುಕೊಂಡರೂ ಬಿಡದಿದ್ದರೆ 108ಕ್ಕೆ ಫೋನ್ ಮಾಡಿ.

ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ, ಬರೆದುಕೊಂಡು ಹೋದರೆ ಒಳ್ಳೆಯದು. ನಮ್ಮ ಉಪಕೇಂದ್ರದ ಜನ ಆರೋಗ್ಯ ಸಮಿತಿ ಕೊನೆಯ ಸಲ ಯಾವತ್ತು ಸೇರಿತು, ಸದಸ್ಯರು ಯಾರು? ಕಳೆದ ವರ್ಷದ ಮುಕ್ತ ನಿಧಿ ಯಾವುದಕ್ಕೆ ಖರ್ಚಾಯಿತು? ಸಿ-ಬ್ಯಾಕ್ ಫಾರಂನಲ್ಲಿ ಚಟುವಟಿಕೆ ಇಲ್ಲ ಎಂದು ಬಂದವರು ನಮ್ಮೂರಿನಲ್ಲಿ ಎಷ್ಟು ಜನ, ಅವರಿಗಾಗಿ ಯಾವ ಜಾಗದಲ್ಲಿ ಯಾವ ಹೊತ್ತಿಗೆ ಏನು ನಡೆಯುತ್ತಿದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಆ ಪುಟದ ಫೋಟೊ ನಮಗೆ ಕಳಿಸಿ. ಯಾವ ಊರಿನಲ್ಲಿ ಏನು ಉತ್ತರ ಬಂತು ಎಂದು ಸಂಕ್ರಾಂತಿಯೊಳಗೆ ಇಲ್ಲಿಯೇ ಹಾಕುತ್ತೇವೆ.